ಆ ಮೇಲ್‌ಗೆ ಉತ್ತರ ಬರೆಯುವ ಮೊದಲು

ಪ್ರಿಯ ಗೆಳೆಯ,

ನಿನ್ನ ಉದ್ದನೆಯ ಮೆಸೇಜ್ ಓದಿದೆ. ನಿದ್ದೆಗೆಟ್ಟು ಬರೆದದ್ದು ಅಂತ ಸಾಲು ಸಾಲಿನಲ್ಲೂ ಗೊತ್ತಾಗುತ್ತದೆ. ಹೆಸರು, ಕಂಪನಿ ಎಲ್ಲ ತೆಗೆದು ಉತ್ತರವನ್ನು ನಾಲ್ಕು ಜನ ಓದೋ ಹಾಗೆ ಹಾಕು ಅಂದವನು ನೀನೇ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ನಿನ್ನ ಹಾಗೆ ಒಳಗೊಳಗೇ ಬೇಯುತ್ತಿರುವವರು ಬೆಂಗಳೂರಿನಲ್ಲಿ ಕಡಿಮೆ ಇಲ್ಲ.

"ಮ್ಯಾನೇಜರ್ ಮೇಲೆ ಮಾನನಷ್ಟ ಕೇಸ್ ಹಾಕಬಹುದಾ?" ಅಂತ ಕೇಳಿದ್ದೀಯ. ಹಾಕಬಹುದು. ಆದರೆ ಮೊದಲು ಅದನ್ನೇ ಹಾಕಬೇಡ. ಮೊದಲು ನಿನ್ನ ಕಡತದಲ್ಲಿ ಕೂತಿರುವ ಆ ಸುಳ್ಳನ್ನು ತೆಗೆಸು. ಅವನಿಗೆ ಪಾಠ ಕಲಿಸೋದು ಆಮೇಲೆ.

ನಿನ್ನ ಮೆಸೇಜ್‌ನಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಒಂದು, ಮ್ಯಾನೇಜರ್ ನಿನ್ನನ್ನು ಕ್ಯಾಬಿನ್‌ಗೆ ಕರೆದು ಕೂಗಾಡಿದ್ದು, ಬೇಕಂತಲೇ ಪಿಐಪಿಗೆ, ಅಂದರೆ ಕೆಲಸ ಸುಧಾರಿಸಿಕೋ ಅಂತ ಗಡುವು ಕೊಡುವ ಪಟ್ಟಿಗೆ ಹಾಕಿದ್ದು, ಅಪ್ಪನ ಆಪರೇಷನ್ ದಿನವೂ ರಜೆ ಕೊಡದೆ ಸತಾಯಿಸಿದ್ದು. ಇನ್ನೊಂದು, ನಿನ್ನನ್ನು ತೆಗೆದ ದಿನ ಇಡೀ ಟೀಮ್‌ಗೆ ಹೋದ ಆ ಮೇಲ್. ಕ್ಲೈಂಟ್ ಡೇಟಾ ಹೊರಗೆ ಕಳಿಸಿದ್ದಕ್ಕೆ ತೆಗೆದಿದ್ದೇವೆ ಅಂತ. ಆಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಕೇಳಿದಾಗಲೂ ಅದನ್ನೇ ಹೇಳಿದರು, ಕೈಗೆ ಬಂದಿದ್ದ ಆಫರ್ ಹೋಯಿತು.

ಮೊದಲನೆಯದಕ್ಕೆ ನಮ್ಮ ದೇಶದಲ್ಲಿ ನೇರವಾದ ಕಾನೂನು ಇಲ್ಲ. ಕೇಳೋಕೆ ಬೇಜಾರು, ಆದರೆ ನಿಜ. ಎಲ್ಲರೂ ಪಾಶ್ ಅಂತ ಕರೆಯುವ 2013ರ ಕಾಯ್ದೆ ಹೆಂಗಸರ ಮೇಲಿನ ಲೈಂಗಿಕ ಕಿರುಕುಳಕ್ಕೆ ಮಾತ್ರ. ಹಲ್ಲೆ, ಬೆದರಿಕೆ, ಜಾತಿ ನಿಂದನೆ ಇದ್ದರೆ ಪೊಲೀಸ್ ಠಾಣೆಗೆ ಹೋಗಬಹುದು. ಬಾಸ್ ದಿನಾ ಹೀಯಾಳಿಸುತ್ತಾನೆ, ಬದುಕೇ ಸಾಕು ಮಾಡಿದ್ದಾನೆ ಅಂತ ಹೋದರೆ ಬರೆದುಕೊಳ್ಳೋಕೆ ಅಲ್ಲಿ ಕಾಲಂ ಇಲ್ಲ. ಇದು ದೊಡ್ಡ ಕೊರತೆ. ಗಂಡಸರು ಇದನ್ನು ಬಾಯಿಬಿಟ್ಟು ಹೇಳೋದೂ ಕಡಿಮೆ, ಹಾಗಾಗಿ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ವಿಷಯ ನಿನಗೆ ಅರ್ಧ ಗೊತ್ತು. ಇನ್ನರ್ಧ ಈಗ ಹೇಳುತ್ತೇನೆ, ನಿನಗೆ ಉಪಯೋಗಕ್ಕೆ ಬರುತ್ತದೆ.

ನಾನು ಹಳೆಯ ಆಫೀಸಿನಲ್ಲಿ ಮ್ಯಾನೇಜರ್ ಮೇಲೆ ಅದೇ ಪಾಶ್ ಕಾಯ್ದೆಯ ಆಂತರಿಕ ಸಮಿತಿಗೆ ಲೈಂಗಿಕ ಕಿರುಕುಳದ ದೂರು ಕೊಟ್ಟೆ. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಆ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಸರಿಯಾದ ಕಾರಣ ಇದ್ದರೆ ಇನ್ನು ಮೂರು ತಿಂಗಳು ಸಿಗಬಹುದು. ಸಮಿತಿ 90 ದಿನದಲ್ಲಿ ವಿಚಾರಣೆ ಮುಗಿಸಬೇಕು. ಈ ಸಮಿತಿ ಬಂದದ್ದು ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನಿಂದ. ಆ ತೀರ್ಪಿನ ಹಿಂದೆ ಇದ್ದವರು ರಾಜಸ್ಥಾನದ ಭಟೇರಿ ಎಂಬ ಹಳ್ಳಿಯ ಭಂವರಿ ದೇವಿ. ಬಾಲ್ಯವಿವಾಹ ತಡೆಯೋದು ಅವರ ಕೆಲಸದ ಭಾಗವೇ ಆಗಿತ್ತು. ಅದಕ್ಕೆ ಸೇಡಾಗಿ 1992ರಲ್ಲಿ ಅವರ ಮೇಲೆ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ಕೋರ್ಟ್ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಎಸಿ ರೂಮಿನಲ್ಲಿ ಕೂತು ನಾನು ಹೇಳಿಕೆ ಕೊಡಲು ಸಾಧ್ಯವಾದದ್ದು ಆಕೆಯಿಂದ. ಆಕೆಗೆ ಸಿಕ್ಕಿದ್ದೇನು ಅಂತ ಯೋಚಿಸಿದರೆ ಇವತ್ತಿಗೂ ಮೈ ಉರಿಯುತ್ತದೆ.

ಆ ರೂಮಿನ ಒಂದು ವಿಷಯ ಹೇಳಬೇಕು. ಹೇಳಿಕೆ ಮುಗಿದ ಮೇಲೆ ಟೈಪ್ ಮಾಡಿದ ಹಾಳೆಗಳನ್ನು ನನ್ನ ಮುಂದೆ ತಳ್ಳಿದರು. ಸಹಿ ಹಾಕೋ ಜಾಗಕ್ಕೆ ಹಳದಿ ಚೀಟಿ ಬೇರೆ ಅಂಟಿಸಿದ್ದರು. ನಾನು ಪೆನ್ ತೆಗೆದೆ. ಸಮಿತಿಯ ಹೊರಗಿನ ಸದಸ್ಯೆ, ವಯಸ್ಸಾದ ವಕೀಲೆ, ಕನ್ನಡಕದ ಮೇಲಿಂದ ನೋಡಿ "ಓದಮ್ಮ, ನಾವು ಕಾಯ್ತೀವಿ" ಅಂದರು. ಓದಿದೆ. ಎರಡನೇ ಹಾಳೆಯಲ್ಲಿ "ದೂರುದಾರರ ಕೋರಿಕೆಯ ಮೇರೆಗೆ ಸಂಜೆಯ ಮೀಟಿಂಗ್ ನಡೆಯಿತು" ಅಂತ ಇತ್ತು. ಕರೆದವನು ಅವನು! ಕ್ಯಾಲೆಂಡರ್ ಇನ್ವೈಟ್ ಅವನ ಹೆಸರಿನಲ್ಲೇ ಇತ್ತು. ಅದನ್ನು ತೋರಿಸಿದೆ. ಸಾಲು ಹೊಡೆದು, ಸರಿಯಾದದ್ದು ಬರೆದು, ಪಕ್ಕದಲ್ಲಿ ಎಲ್ಲರೂ ಸಹಿ ಮಾಡಿದರು. ಬೇಕಂತ ಬರೆದದ್ದೋ, ಟೈಪ್ ಮಾಡಿದವರ ಎಡವಟ್ಟೋ ಗೊತ್ತಿಲ್ಲ. ಆ ಒಂದು ಸಾಲು ಹಾಗೇ ಉಳಿದಿದ್ದರೆ ನನ್ನ ದೂರಿನ ಅರ್ಧ ಬಲ ಅಲ್ಲೇ ಹೋಗುತ್ತಿತ್ತು.

ಅದೇ ವಕೀಲೆ ಹೇಳಿದ್ದು ಇನ್ನೊಂದು. ವಿಚಾರಣೆ ನಡೆಯುವಾಗ ಆ ಮ್ಯಾನೇಜರ್ ನನ್ನ ಅಪ್ರೈಸಲ್ ಬರೆಯಬಾರದು ಅಂತ ಸಮಿತಿಯನ್ನು ಕೇಳಬಹುದಂತೆ. ನಿಯಮದಲ್ಲೇ ಇದೆ. ಬರೆದು ಕೇಳಿದೆ, ಸಿಕ್ಕಿತು. ದೂರಿನಲ್ಲಿ ನಾನು ಗೆದ್ದೆ. ಹಾಗಂತ ಊರ ಬಾಯಿಗೆ ಬೀಗ ಬೀಳಲಿಲ್ಲ. ವಿಷಯ ಹೊರಗೆ ಹೋಗಬಾರದು ಅಂತ ಕಾನೂನು ಹೇಳುತ್ತದೆ, ಕ್ಯಾಂಟೀನ್‌ಗೆ ಆ ಕಾನೂನು ಗೊತ್ತಿರಲಿಲ್ಲ. "ಕಂಪ್ಲೇಂಟ್ ಹಾಕಿದವಳು" ಅನ್ನೋ ಹೆಸರು ಮುಂದಿನ ಇಂಟರ್‌ವ್ಯೂ ತನಕ ಹಿಂದೆಯೇ ಬಂತು. ಅಲ್ಲಿ ನನ್ನನ್ನು ಉಳಿಸಿದ್ದು ಸಮಿತಿಯ ತೀರ್ಪಲ್ಲ, ಅದನ್ನು ಯಾರಿಗೂ ತೋರಿಸೋ ಹಾಗೂ ಇರಲಿಲ್ಲ. ಉಳಿಸಿದ್ದು ಬೇರೆ ಮ್ಯಾನೇಜರ್ ಬರೆದ ಅಪ್ರೈಸಲ್ ಮತ್ತು ಕ್ಲೀನ್ ಆದ ರಿಲೀವಿಂಗ್ ಲೆಟರ್.

ಈಗ ನಿನ್ನ ಮೇಲ್‌ಗೆ ಬರೋಣ. ನಾನು ವಕೀಲೆ ಅಲ್ಲ ಮಾರಾಯ, ವಕೀಲರ ಬೆಂಚಿನ ಮೇಲೆ ಕಾದು ಕಲಿತವಳು. ಆದರೂ ಇಷ್ಟು ಧೈರ್ಯವಾಗಿ ಹೇಳಬಲ್ಲೆ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂತ 1961ರದ್ದೊಂದು ಇದೆ. ಹೆಸರು ಕೇಳಿದರೆ ದಿನಸಿ ಅಂಗಡಿಯದ್ದು ಅನಿಸುತ್ತದೆ, ಆದರೆ ನಿನ್ನ ಗಾಜಿನ ಕಟ್ಟಡಕ್ಕೂ ಅದೇ. ಅದರ 39ನೇ ಸೆಕ್ಷನ್ ಪ್ರಕಾರ, ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವ ಹಾಗಿಲ್ಲ. ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ಸಂಬಳ ಕೊಡಬೇಕು. ನೋಟಿಸ್ ಇಲ್ಲದೆ ತೆಗೆಯಬೇಕು ಅಂದರೆ ದುರ್ವರ್ತನೆಯ ಆರೋಪ ಇರಬೇಕು, ಅದನ್ನು ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ನಿನ್ನನ್ನು ತೆಗೆದದ್ದು ಒಂದು ಮಧ್ಯಾಹ್ನ, ಹದಿನೈದು ನಿಮಿಷದ ಕಾಲ್‌ನಲ್ಲಿ. ಆರೋಪಪಟ್ಟಿ ಕೊಟ್ಟರಾ? ಉತ್ತರ ಕೊಡು ಅಂದರಾ? ಯಾವ ಫೈಲ್, ಯಾವತ್ತು, ಯಾರಿಗೆ ಕಳಿಸಿದೆ ಅಂತ ತೋರಿಸಿದರಾ? ನೀನು ಬರೆದದ್ದು ನೋಡಿದರೆ ಒಂದೂ ಇಲ್ಲ.

ಹಾಗಾಗಿ ಮೊದಲ ಪತ್ರ ಎಚ್‌ಆರ್‌ಗೆ ಹೋಗಲಿ. ಬೈಗುಳ ಬೇಡ, ಭಾವನೆ ಬೇಡ. ನನ್ನ ಮೇಲಿನ ವಿಚಾರಣೆಯ ವರದಿ ಕೊಡಿ, ನಡೆದಿಲ್ಲ ಅಂದರೆ ಹಾಗಂತ ಬರೆದು ಕೊಡಿ ಅಂತ ಕೇಳು. ಉತ್ತರ ಬಾರದಿದ್ದರೆ ಅದೂ ಒಂದು ಸಾಕ್ಷಿ. ಆಮೇಲೆ ವಕೀಲರ ನೋಟಿಸ್. ಆ ಮೇಲ್ ವಾಪಸ್ ತೆಗೆದುಕೊಳ್ಳಬೇಕು, ಅದು ಹೋದವರಿಗೆಲ್ಲ ತಿದ್ದುಪಡಿ ಹೋಗಬೇಕು, ವೆರಿಫಿಕೇಶನ್‌ನವರು ಕೇಳಿದರೆ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟೇ ಹೇಳಬೇಕು. ಈ ಮೂರು ಸಿಕ್ಕಿದರೆ ನಿನ್ನ ಮುಂದಿನ ಕೆಲಸದ ದಾರಿ ತೆರೆಯುತ್ತದೆ. 39ರ ಕೆಳಗೆ ಮೇಲ್ಮನವಿಗೂ ಅವಕಾಶ ಇದೆ, ಅದಕ್ಕೆ ಗಡುವೂ ಇದೆ. ಅದಕ್ಕೇ ಈ ವಾರವೇ ವಕೀಲರನ್ನು ನೋಡು ಅನ್ನುತ್ತಿರೋದು. ಆಡಳಿತದ ಹುದ್ದೆಯಲ್ಲಿ ಇರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನಿನ್ನ ಹುದ್ದೆಯಲ್ಲಿ 'ಲೀಡ್' ಅಂತ ಇದೆ ಅಲ್ವಾ, ಅವರು ಅದನ್ನೇ ಹಿಡಿಯಬಹುದು. ನೀನು ಯಾರಿಗೂ ರಜೆ ಮಂಜೂರು ಮಾಡಿದವನಲ್ಲ, ಕೋಡ್ ಬರೆದವನು ಅಂತ ತೋರಿಸೋ ಕಾಗದ ಹುಡುಕಿಡು. ವಕೀಲರಿಗೆ ದುಡ್ಡಿನ ಚಿಂತೆ ಇದ್ದರೆ ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ ಕೇಳು. ಹೆಂಗಸರಿಗೆ ಆದಾಯ ನೋಡದೆ ಉಚಿತ ನೆರವು ಕೊಡುತ್ತಾರೆ. ನಿನಗೆ ಅನ್ವಯ ಆಗುತ್ತದಾ ಅಂತ ಅವರೇ ಹೇಳುತ್ತಾರೆ. ಕೆಐಟಿಯು ಅನ್ನೋ ಐಟಿ ನೌಕರರ ಸಂಘವೂ ಇದೆ, ಅವರನ್ನೂ ಮಾತಾಡಿಸು.

ಇನ್ನು ಮಾನನಷ್ಟ. ಕ್ಯಾಬಿನ್‌ನಲ್ಲಿ ನಿನ್ನೊಬ್ಬನಿಗೇ ಬೈದದ್ದು ಮಾನನಷ್ಟ ಆಗುವುದಿಲ್ಲ, ಮೂರನೆಯವರಿಗೆ ತಲುಪಿರಬೇಕು. ಆ ಮೇಲ್ ತಲುಪಿದೆ. ಕ್ರಿಮಿನಲ್ ಆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ಮೊದಲು ಐಪಿಸಿ 499, 500 ಅಂತ ಇದ್ದದ್ದು. ಇದಕ್ಕೆ ಪೊಲೀಸರು ಎಫ್‌ಐಆರ್ ಹಾಕುವುದಿಲ್ಲ. ನೀನೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಸಿವಿಲ್ ಆದರೆ ಪರಿಹಾರ ಕೇಳಿ ದಾವೆ ಹಾಕಬೇಕು, ಮೇಲ್ ಹೋದ ದಿನದಿಂದ ಒಂದು ವರ್ಷದೊಳಗೆ. ಈ ಒಂದು ವರ್ಷ ಮರೆಯಬೇಡ. ಮಾತುಕತೆ, ಸಂಧಾನ ಅಂತ ಎಳೆದಾಡಿಸಿ ವರ್ಷ ಕಳೆಯೋದು ಅವರಿಗೆ ಬಹಳ ಸುಲಭ. ಒಂದು ಕೋಟಿ ಕೇಳುತ್ತೇನೆ ಅಂತ ಬರೆದಿದ್ದೀಯ. ಕೇಳಿದ ಮೊತ್ತದ ಮೇಲೆ ಕೋರ್ಟ್ ಫೀ ಕಟ್ಟಬೇಕು ಕಣೋ, ಕೆಲಸ ಇಲ್ಲದ ಟೈಮಲ್ಲಿ.

ಅವರು ಏನು ಹೇಳುತ್ತಾರೆ ಅಂತ ಈಗಲೇ ಹೇಳಿಬಿಡಲೇ? "ಕಂಪನಿಯ ಹಿತಕ್ಕೆ, ಸದುದ್ದೇಶದಿಂದ ಟೀಮ್‌ಗೆ ತಿಳಿಸಿದೆವು." ಕಾನೂನಿನಲ್ಲಿ ಅದಕ್ಕೆ ವಿನಾಯಿತಿ ಇದೆ. ಆದರೆ ಸದುದ್ದೇಶ ಅನ್ನಿಸಿಕೊಳ್ಳಬೇಕಾದರೆ ಸಾಕಷ್ಟು ಎಚ್ಚರ ವಹಿಸಿರಬೇಕು. ವಿಚಾರಣೆಯನ್ನೇ ಮಾಡದೆ ಕಳ್ಳ ಅಂದವರು ಯಾವ ಎಚ್ಚರ ವಹಿಸಿದ ಹಾಗಾಯಿತು? ಎಚ್‌ಆರ್‌ನಿಂದ ಆ ಉತ್ತರ ಮೊದಲು ತೆಗೆಸು ಅಂದದ್ದು ಇದಕ್ಕೇ. ಅದು ಕೈಯಲ್ಲಿ ಇದ್ದರೆ ಮಾನನಷ್ಟ ಕೇಸಿಗೂ ಕಾಲು ಬರುತ್ತದೆ.

ಕಾಲ ಎಷ್ಟು ಹಿಡಿಯುತ್ತದೆ ಅಂತ ಕೇಳಬೇಡ. ರೂಪನ್ ಡಿಯೋಲ್ ಬಜಾಜ್ ಐಎಎಸ್ ಅಧಿಕಾರಿ. ಪಂಜಾಬಿನ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್ ಪಾರ್ಟಿಯೊಂದರಲ್ಲಿ ಅಸಭ್ಯವಾಗಿ ನಡೆದುಕೊಂಡರು ಅಂತ ಅವರು ದೂರು ಕೊಟ್ಟದ್ದು 1988ರಲ್ಲಿ. ಸುಪ್ರೀಂ ಕೋರ್ಟ್ ಶಿಕ್ಷೆಯ ತೀರ್ಪನ್ನು ಎತ್ತಿಹಿಡಿದದ್ದು 2005ರಲ್ಲಿ. ಪರಿಹಾರದ ದುಡ್ಡನ್ನು ಅವರು ಮುಟ್ಟಲಿಲ್ಲ. ಐಎಎಸ್ ಅಧಿಕಾರಿಗೇ 17 ವರ್ಷ.

ಮತ್ತೆ ಆ ಲಿಂಕ್ಡ್‌ಇನ್ ಪೋಸ್ಟ್. ಡ್ರಾಫ್ಟ್ ಕಳಿಸಿದ್ದೀಯ, ಚೆನ್ನಾಗಿದೆ, ಉರಿ ಇದೆ. ಹಾಕಬೇಡ. ಮಾನನಷ್ಟದ ಕತ್ತಿ ಅವರ ಕೈಗೂ ಸಿಗುತ್ತದೆ. ತನ್ನ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದ ಪತ್ರಕರ್ತೆ ಪ್ರಿಯಾ ರಮಾನಿ ಮೇಲೆ, ಆಗ ಕೇಂದ್ರ ಸಚಿವರಾಗಿದ್ದ ಎಂ.ಜೆ. ಅಕ್ಬರ್ 2018ರಲ್ಲಿ ಹಾಕಿದ್ದು ಅದನ್ನೇ. 2021ರ ಫೆಬ್ರವರಿಯಲ್ಲಿ ದೆಹಲಿಯ ಕೋರ್ಟ್ ಆಕೆಯನ್ನು ಬಿಡುಗಡೆ ಮಾಡಿತು. ದೌರ್ಜನ್ಯದ ವಿರುದ್ಧ ದನಿ ಎತ್ತಿದ್ದಕ್ಕೆ ಹೆಣ್ಣನ್ನು ಮಾನನಷ್ಟದ ಹೆಸರಲ್ಲಿ ಶಿಕ್ಷಿಸುವ ಹಾಗಿಲ್ಲ ಅಂತಲೂ ಹೇಳಿತು. ಒಳ್ಳೆಯ ತೀರ್ಪು, ನನಗೆ ಬಹಳ ಧೈರ್ಯ ಕೊಟ್ಟದ್ದು. ಆದರೆ ಆ ತೀರ್ಪು ಬರುವ ತನಕ ಎರಡು ವರ್ಷದ ಮೇಲೆ ಆಕೆ ಆರೋಪಿಯ ಜಾಗದಲ್ಲಿ ನಿಂತಿದ್ದರು. ಅಧಿಕಾರ ಇರುವವರ ಮುಂದೆ ಸದುದ್ದೇಶದಿಂದ ಕೊಟ್ಟ ದೂರಿಗೆ ಕಾನೂನಿನ ರಕ್ಷಣೆ ಇದೆ. ಪೋಸ್ಟ್‌ಗೆ ಆ ರಕ್ಷಣೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಬರೆಯಲೇಬೇಡ ಅಂತಲ್ಲ. ಕಾಗದ ಕೈಗೆ ಬಂದ ಮೇಲೆ ಬರಿ.

ಆ ಮೇಲ್ ನಿನಗೆ ಫಾರ್ವರ್ಡ್ ಮಾಡಿದ ಹುಡುಗಿಯ ಹತ್ತಿರ ಮೂಲ ಮೇಲ್ ಹಾಗೇ ಇಟ್ಟುಕೊಳ್ಳಲು ಹೇಳು. ಬರೀ ಸ್ಕ್ರೀನ್‌ಶಾಟ್ ಸಾಲದು. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟ್‌ಗೆ ಕೊಡುವಾಗ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಅವಳು ಇನ್ನೂ ಅಲ್ಲೇ ಕೆಲಸದಲ್ಲಿದ್ದಾಳೆ, ಅವಳ ಹೆಸರು ಸುಮ್ನೆ ಎಲ್ಲೂ ಎಳೆಯಬೇಡ. ಕಂಪನಿಯ ಬೇರೆ ಫೈಲ್ ಯಾರ ಕೈಯಲ್ಲೂ ತರಿಸಬೇಡ, ಡೇಟಾ ಕದ್ದ ಅನ್ನೋ ಸುಳ್ಳಿಗೆ ನೀನೇ ಸಾಕ್ಷಿ ಕೊಟ್ಟ ಹಾಗಾಗುತ್ತದೆ. ಆಫರ್ ವಾಪಸ್ ಪಡೆದ ಕಂಪನಿಗೆ ಬರೆದು ಕಾರಣ ಏನು ಅಂತ ಕೇಳು. ಅವರ ಎಚ್‌ಆರ್ ಫೋನಿನಲ್ಲಿ ಪಾಪ ಅನ್ನುತ್ತಾರೆ, ಮೇಲ್‌ನಲ್ಲಿ ಹಾಗೆ ಬರೆಯೋಕೆ ಹೆದರುತ್ತಾರೆ. ಆದರೂ ಕೇಳು. "ವೆರಿಫಿಕೇಶನ್ ಕಾರಣದಿಂದ" ಅಂತ ಒಂದು ಸಾಲು ಬಂದರೂ ನಿನಗಾದ ನಷ್ಟ ಲೆಕ್ಕಕ್ಕೆ ಸಿಗುತ್ತದೆ.

ಅಪ್ಪನಿಗೆ ಏನು ಹೇಳಲಿ ಅಂತ ಕೇಳಿದ್ದೀಯ. ಇದ್ದದ್ದನ್ನು ಹೇಳು. ಅವರು 30 ವರ್ಷ ಸರ್ಕಾರಿ ನೌಕರಿ ಮಾಡಿದವರು, ಸುಳ್ಳು ರಿಪೋರ್ಟು, ಮೆಮೊ, ಅಮಾನತು ಎಲ್ಲ ನಿನಗಿಂತ ಜಾಸ್ತಿ ನೋಡಿರುತ್ತಾರೆ.

ಎಚ್‌ಆರ್‌ಗೆ ಬರೆಯುವ ಪತ್ರದ ಕರಡು ಭಾನುವಾರದ ಒಳಗೆ ಕಳಿಸು, ನಾನು ಕತ್ತರಿ ಆಡಿಸಿ ಕೊಡುತ್ತೇನೆ. ಒಂದು ಪುಟ ದಾಟಬಾರದು. "ಅಮಾನವೀಯ" ಅನ್ನೋ ಪದ ಕಂಡರೆ ನೋಡದೇ ವಾಪಸ್ ಕಳಿಸುತ್ತೇನೆ.

ನಿನ್ನ ಗೆಳತಿ