ನಾನು ಮಾತ್ರೆ ಬಿಟ್ಟಿಲ್ಲ ಅಪ್ಪ

ಲೀಡ್ಸ್, ಇಂಗ್ಲೆಂಡ್, ಭಾನುವಾರ ಬೆಳಿಗ್ಗೆ

ಅಪ್ಪ, ಅಮ್ಮ ಇಬ್ಬರಿಗೂ ನಮಸ್ಕಾರ.

ನಿನ್ನೆ ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಅಮ್ಮ ಮಾತಿನ ಮಧ್ಯೆ ಸುಮ್ನೆ ಹೇಳಿದ ಹಾಗೆ ಹೇಳಿದಳು, ‘ನೀನು ಬಿಪಿ ಮಾತ್ರೆ ಬಿಟ್ಟೆಯಂತಲ್ಲ, ನಿಮ್ಮಪ್ಪನೂ ನಾಲ್ಕು ದಿನದಿಂದ ತಗೊಂಡಿಲ್ಲ’ ಅಂತ. ಫೋನಿನಲ್ಲಿ ನಿಮ್ಮ ಜೊತೆ ವಾದ ಮಾಡಿ ಗೆದ್ದವರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮುಂದೆ ಓದುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ನಾಲ್ಕು ದಿನ ತಪ್ಪಿದೆ, ಮತ್ತೆ ಹೇಗೆ ಶುರು ಮಾಡಲಿ ಅಂತ ಕೇಳಿ. ಇವತ್ತು ಭಾನುವಾರ ಅನ್ನಬೇಡಿ, ಅವರ ಮೊಬೈಲ್ ನಂಬರ್ ಅಮ್ಮನ ಹತ್ತಿರ ಇದೆ.

ಮಾಡಿದಿರಾ? ಸರಿ.

ನಾನು ಮಾತ್ರೆ ಬಿಟ್ಟಿಲ್ಲ ಅಪ್ಪ. ಎರಡಿದ್ದದ್ದು ಒಂದಾಗಿದೆ, ಅಷ್ಟೆ. ಅದಕ್ಕೂ 14 ತಿಂಗಳು ಹಿಡಿಯಿತು. ಊರಲ್ಲಿ ಎಲ್ಲರಿಗೂ ‘ಮಗ ವಾಕಿಂಗ್ ಮಾಡಿ ಬಿಪಿ ಓಡಿಸಿದ’ ಅಂತ ಹೇಳಿದ್ದೀರಂತೆ. ಸದ್ಯ ಅದನ್ನು ಹೇಳಬೇಡಿ.

ನಿಮಗೆ ಪೂರ್ತಿ ಕಥೆ ಹೇಳಿರಲಿಲ್ಲ, ಗಾಬರಿ ಆಗುತ್ತೀರಿ ಅಂತ. ಇಲ್ಲಿ 40 ದಾಟಿದವರಿಗೆ ಔಷಧಿ ಅಂಗಡಿಯಲ್ಲೇ ಪುಕ್ಕಟೆ ಬಿಪಿ ನೋಡುತ್ತಾರೆ. ನಾನು ಹೋಗಿದ್ದು ಮಗಳ ಕೆಮ್ಮಿನ ಸಿರಪ್ ತರಲು. ನೋಡಿದರೆ 168/102. ಆಮೇಲೆ ಜಿಪಿ, ಅಂದರೆ ಇಲ್ಲಿನ ನಮ್ಮ ಡಾಕ್ಟರು, 24 ಗಂಟೆ ತೋಳಿಗೆ ಕಟ್ಟಿಕೊಳ್ಳುವ ಯಂತ್ರ ಕೊಟ್ಟರು. ಅರ್ಧ ಗಂಟೆಗೊಂದು ಸಲ ಅದು ಗುಂಯ್ ಅಂತ ತೋಳು ಹಿಂಡುತ್ತದೆ, ಮೀಟಿಂಗಿನಲ್ಲೂ ಬಿಡಲಿಲ್ಲ. ಮೊದಲು ರಾಮಿಪ್ರಿಲ್ ಅನ್ನುವ ಬಿಪಿ ಮಾತ್ರೆ ಕೊಟ್ಟರು, ಅದರಿಂದ ಒಣಕೆಮ್ಮು ಹತ್ತಿಕೊಂಡಿತು. ಅದನ್ನು ಬದಲಿಸಿ ಲೊಸಾರ್ಟನ್. ಅದೊಂದೇ ಸಾಲದೆ ಆಮ್ಲೊಡಿಪಿನ್, 5ರಿಂದ 10 ಮಿಲಿಗ್ರಾಂಗೆ ಏರಿತು. ಅದರಿಂದ ಕಾಲು ಊದಿ, ಸಂಜೆ ಸಾಕ್ಸ್ ಬಿಚ್ಚಿದರೆ ಕಾಲಿನ ಮೇಲೆ ಹಗ್ಗ ಕಟ್ಟಿದ ಹಾಗೆ ಗುಳಿ ಬಿದ್ದಿರುತ್ತಿತ್ತು. ಇದನ್ನು ಕಡಿಮೆ ಮಾಡಲು ದಾರಿ ಇದೆಯಾ ಅಂತ ಕೇಳಿದ್ದು ಆಗಲೇ. ‘ಇದೆ, ಆದರೆ ಮೊದಲು ನಂಬರ್ ಇಳಿಯಬೇಕು, ಆಮೇಲೆ ಮಾತ್ರೆ’ ಅಂದರು. ನೀವು ತಲೆಕೆಳಗು ಮಾಡಿದ್ದೀರಿ.

ಮೊದಲು ಉಪ್ಪು. ನಾನೇನು ಜಾಸ್ತಿ ಉಪ್ಪು ತಿನ್ನುವವನಲ್ಲ ಅಂದುಕೊಂಡಿದ್ದೆ. ನಿಮ್ಮ ಸೊಸೆ ಒಂದು ಕೆಲಸ ಮಾಡಿದಳು. ಹೊಸ 1 ಕೆ.ಜಿ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಳು. 34 ದಿನಕ್ಕೆ ಖಾಲಿ! ಮೂರು ಜನಕ್ಕೆ ಹಂಚಿದರೆ ತಲೆಗೆ ದಿನಕ್ಕೆ ಹತ್ತಿರಹತ್ತಿರ 10 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟೂ ಇಲ್ಲ. ಇದರ ಮೇಲೆ ಅಂಗಡಿ ಬ್ರೆಡ್ಡು, ಅದರ ಎರಡು ತುಂಡಿನಲ್ಲೇ ಸುಮಾರು 0.8 ಗ್ರಾಂ ಇರುತ್ತದೆ. ಅದರ ಮೇಲೆ ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ. ಅಮ್ಮ, ಕೋಪ ಮಾಡಿಕೊಳ್ಳಬೇಡ, ತಪ್ಪು ನಿನ್ನದಲ್ಲ, ಮೊಸರನ್ನಕ್ಕೆ ಎರಡೆರಡು ಮಿಡಿ ಹಾಕಿಕೊಂಡವನು ನಾನು. ಮೊದಲ ಮೂರು ವಾರ ಸಾರು ಬಾಯಿಗಿಡಲು ಆಗುತ್ತಿರಲಿಲ್ಲ. ಹುಣಸೆ, ಮೆಣಸು ಸ್ವಲ್ಪ ಮುಂದೆ ಮಾಡಿ ಸುಧಾರಿಸಿಕೊಂಡೆವು. ಈಗ ಹೊರಗಿನ ಊಟವೇ ಉಪ್ಪುಪ್ಪು ಅನ್ನಿಸುತ್ತದೆ. ಈಗಿನ ಪ್ಯಾಕೆಟ್ ಎರಡು ತಿಂಗಳ ಮೇಲಾದರೂ ಇನ್ನೂ ಇದೆ.

ನರ್ಸ್ ಒಂದು ಊಟದ ಚೀಟಿ ಕೊಟ್ಟಳು, ಡ್ಯಾಷ್ ಅಂತ ಅದರ ಹೆಸರು. 1997ರಲ್ಲಿ ಅಮೆರಿಕದವರು ಪರೀಕ್ಷೆ ಮಾಡಿ ತೋರಿಸಿದ ಕ್ರಮ. ತರಕಾರಿ, ಹಣ್ಣು, ಕಾಳು, ಕೊಬ್ಬು ಕಡಿಮೆ ಇರುವ ಹಾಲು ಮೊಸರು. ಅದಕ್ಕೆ ಉಪ್ಪನ್ನೂ ಇಳಿಸಿದರೆ ಬಿಪಿ ಇನ್ನಷ್ಟು ಇಳಿಯುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ಓದಿ ನಗು ಬಂತು. ಅಜ್ಜಿಯ ಹುರುಳಿಕಾಳು ಬಸ್ಸಾರು, ಸೊಪ್ಪಿನ ಪಲ್ಯ, ನೀರು ಮಜ್ಜಿಗೆ ಅಲ್ವಾ ಇದು? ಉಪ್ಪು ಕಳೆದು.

ನಡಿಗೆ ವಿಷಯ ನಿಮಗೆ ಗೊತ್ತೇ ಇದೆ. ಕೆಲಸದಿಂದ ಬರುವಾಗ ಬಸ್ ಬಿಟ್ಟು ಕಾಲುವೆ ದಡದಲ್ಲಿ ಕರ್ಕ್‌ಸ್ಟಾಲ್ ತನಕ ನಡೆಯುತ್ತೇನೆ. ಇದು ಲೀಡ್ಸ್‌ನಿಂದ ಲಿವರ್‌ಪೂಲಿಗೆ ಹೋಗುವ 127 ಮೈಲಿ ಕಾಲುವೆ. ಇದೇ ದಡ ಹಿಡಿದು ಹೋದರೆ ಮುಂದೆ ಸಾಲ್ಟೇರ್ ಅಂತ ಊರು, ಟೈಟಸ್ ಸಾಲ್ಟ್ ಅನ್ನುವ ಗಿರಣಿ ಮಾಲೀಕ ಕಟ್ಟಿಸಿದ್ದು. ಉಪ್ಪು ಬಿಟ್ಟರೂ ಉಪ್ಪಿನ ದಾರಿಯಲ್ಲೇ ನಡೆಯುತ್ತೀಯ ಅಂತ ಸೊಸೆ ತಮಾಷೆ ಮಾಡುತ್ತಾಳೆ. 84 ಕೆ.ಜಿ. ಇದ್ದವನು 75ಕ್ಕೆ ಬಂದೆ. ಒಂದು ಕೆ.ಜಿ. ಇಳಿದರೆ ಮೇಲಿನ ನಂಬರ್ ಸುಮಾರು ಒಂದು ಇಳಿಯುತ್ತದೆ ಅಂತ ಲೆಕ್ಕ. ಇನ್ನೊಂದು ವಿಷಯ, ಅಪ್ಪ ಬೈಯಬೇಡಿ, ಶುಕ್ರವಾರ ಸಂಜೆ ಆಫೀಸಿನವರ ಜೊತೆ ಬಿಯರ್ ಕುಡಿಯುತ್ತಿದ್ದೆ. ಅದನ್ನೂ ನಿಲ್ಲಿಸಿದೆ. ಬಿಯರಿಗೂ ಬಿಪಿಗೂ ಆಗಿಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಕುರ್ಚಿಯಿಂದ ಎದ್ದಾಗ ಕಣ್ಣು ಕತ್ತಲೆ ಬಂತು. ಮನೆಯಲ್ಲಿ ನೋಡಿದರೆ 108/66. ಆಗಲೂ ನಾನಾಗಿ ಮಾತ್ರೆ ನಿಲ್ಲಿಸಲಿಲ್ಲ, ಏಳು ದಿನದ ನಂಬರ್ ಬರೆದುಕೊಂಡು ಹೋದೆ. ಜಿಪಿ ಆಮ್ಲೊಡಿಪಿನ್ 10ನ್ನು 5 ಮಾಡಿದರು, ಎರಡು ತಿಂಗಳು ಬಿಟ್ಟು ನೋಡಿ ನಿಲ್ಲಿಸಿದರು. ಲೊಸಾರ್ಟನ್ ಮುಂದುವರಿದಿದೆ. ಮನೆಯಲ್ಲಿ ನೋಡಿದಾಗ 135/85ರ ಮೇಲೆ ನಿಂತುಬಿಟ್ಟರೆ ಇನ್ನೊಂದು ಮಾತ್ರೆ ವಾಪಸ್ ಬರುತ್ತದೆ.

ಈಗ ನಿಮ್ಮ ವಿಷಯ. ನಿಮ್ಮ ಮಾತ್ರೆಯಲ್ಲಿ ಅಟೆನೊಲಾಲ್ ಇದೆ. ಅದನ್ನು ದಿಢೀರ್ ಅಂತ ಬಿಡುವ ಹಾಗೇ ಇಲ್ಲ. ಎದೆಬಡಿತ ಜೋರಾಗಬಹುದು, ಎದೆನೋವು ಬರಬಹುದು, ಹೃದಯದ ತೊಂದರೆ ಇರುವವರಿಗೆ ಹಾರ್ಟ್ ಅಟ್ಯಾಕೇ ಆಗಬಹುದು. ಎದೆ ಹಿಡಿದ ಹಾಗೆ ಆದರೆ ನನ್ನ ಫೋನಿಗೆ ಕಾಯಬೇಡಿ, 108ಕ್ಕೆ ಮಾಡಿ. ‘ಬಿಪಿ ನಾರ್ಮಲ್ ಇದೆ, ಇನ್ಯಾಕೆ ಮಾತ್ರೆ’ ಅಂತ ನೀವು ಕೇಳಿದಿರಂತೆ. ತೋಟದಲ್ಲಿ ಗೊನೆ ಬಿಟ್ಟ ಬಾಳೆಗೆ ನೀವೇ ಕವೆಕೋಲು ಕೊಡುತ್ತೀರಿ. ಗಿಡ ನೆಟ್ಟಗೆ ನಿಂತಿದೆ ಅಂತ ಕೋಲು ಕೀಳುತ್ತೀರಾ?

ಮಂಡಿನೋವಿಗೆ ಮೆಡಿಕಲ್‌ನಿಂದ ತಂದು ನುಂಗುವ ಡೈಕ್ಲೋಫಿನಾಕ್ ಬಗ್ಗೆಯೂ ಡಾಕ್ಟರಿಗೆ ಹೇಳಿ. ಅದು ಬಿಪಿ ಏರಿಸುತ್ತದೆ. ಒಂದು ಕಡೆ ಇಳಿಸುವ ಮಾತ್ರೆ, ಇನ್ನೊಂದು ಕಡೆ ಏರಿಸುವ ಮಾತ್ರೆ!

ಬೀರುವಿನಲ್ಲಿ ಇಟ್ಟಿರುವ ಮಷೀನ್ ತೆಗೆಯಿರಿ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಐದು ನಿಮಿಷ ಮಾತಾಡದೆ ಕೂತುಕೊಳ್ಳಿ, ಪಾದ ನೆಲದ ಮೇಲೆ, ಬೆನ್ನಿಗೆ ಒರಗು, ಕೈ ಎದೆಯ ಮಟ್ಟಕ್ಕೆ ಟೇಬಲ್ ಮೇಲೆ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಸಂಜೆ. ಟಿವಿಯಲ್ಲಿ ರಾಜಕೀಯ ನೋಡುತ್ತಾ ಬೇಡ.

ಅಮ್ಮ, ಇನ್ನೊಂದು ಮಾತು. ಅಂಗಡಿಯಲ್ಲಿ ಸೋಡಿಯಂ ಕಡಿಮೆ ಇರುವ ಉಪ್ಪು ಸಿಗುತ್ತದೆ ಅಂತ ತಂದುಬಿಡಬೇಡ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ನನ್ನ ಹಾಗೆ ಲೊಸಾರ್ಟನ್ ತಗೊಳ್ಳುವವರಿಗೆ ಅದು ಅಪಾಯ. ಕಿಡ್ನಿ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆಯಲ್ಲಿ ನಿನ್ನ ಕ್ರಿಯಾಟಿನಿನ್ ಹೋದ ಸಲ ಸ್ವಲ್ಪ ಜಾಸ್ತಿ ಇತ್ತಲ್ಲ, ಕೇಳದೆ ಬೇಡ. ಈಗಿರುವ ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರಿ, ಸಾಕು.

ಬುಧವಾರ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ. ಅಪ್ಪ, ನಂಬರ್ ಬರೆದ ಚೀಟಿ ಕೈಯಲ್ಲಿರಲಿ, ಬಾಯಿಪಾಠ ಒಪ್ಪುವುದಿಲ್ಲ. ಉಪ್ಪಿನಕಾಯಿ ಕಳಿಸುವುದು ನಿಲ್ಲಿಸಬೇಡಮ್ಮ, ಡಬ್ಬ ಮಾತ್ರ ಚಿಕ್ಕದಾಗಲಿ.

ಇಂತಿ ನಿಮ್ಮ ಮಗ