ಲೆಕ್ಕದ ತಂತ್ರಾಂಶ ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ: ಗ್ರಾಹಕ ಸಂಘಗಳಿಗೆ ಪತ್ರ

ಮಾನ್ಯ ಕಾರ್ಯದರ್ಶಿಗಳೇ, ಕಚೇರಿ ಸಿಬ್ಬಂದಿಯವರೇ,

ನಿಮ್ಮ ಸಂಘದ ಸದಸ್ಯತ್ವ, ಷೇರು, ಠೇವಣಿ, ಸಾಲದ ಲೆಕ್ಕ ಇಡುವ ನಮ್ಮ ವೆಬ್ ತಂತ್ರಾಂಶ ಮೈಎಸ್‌ಕ್ಯೂಎಲ್ 5.7 ಎಂಬ ಡೇಟಾಬೇಸ್ (ಲೆಕ್ಕದ ಮಾಹಿತಿಯನ್ನೆಲ್ಲ ಇಡುವ ತಂತ್ರಾಂಶ) ಮೇಲೆ ನಡೆಯುತ್ತಿದೆ. ಆ ಆವೃತ್ತಿಗೆ ತಯಾರಕರ ಬೆಂಬಲ 2023ರ ಅಕ್ಟೋಬರ್‌ಗೆ ಮುಗಿದಿದೆ. ಜನರ ದುಡ್ಡಿನ ಲೆಕ್ಕ ಅದರ ಮೇಲೆ ಮುಂದುವರಿಯುವುದು ಸರಿಯಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ 17 (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಎಂಬ ಬೇರೆ ಡೇಟಾಬೇಸ್‌ಗೆ ಹೋಗುತ್ತಿದ್ದೇವೆ. ಅದಕ್ಕೆ 2029ರ ನವೆಂಬರ್‌ವರೆಗೆ ಬೆಂಬಲವಿದೆ. ಮೈಎಸ್‌ಕ್ಯೂಎಲ್‌ನದೇ ಹೊಸ ಆವೃತ್ತಿ ಬಿಟ್ಟು ಇದನ್ನೇ ಆರಿಸಿದ್ದಕ್ಕೆ ಮುಖ್ಯ ಕಾರಣ, ಕೋಷ್ಟಕಗಳ ರಚನೆ ಬದಲಿಸುವಾಗ ಹತ್ತು ಹಂತಗಳಲ್ಲಿ ಏಳನೆಯದು ಕೈಕೊಟ್ಟರೂ ಇದು ಅದಕ್ಕೂ ಮೊದಲು ಮುಗಿದ ಆರನ್ನೂ ಹಿಂದಕ್ಕೆ ತರುತ್ತದೆ. ಲೆಕ್ಕ ಅರ್ಧಕ್ಕೆ ನಿಲ್ಲುವುದಿಲ್ಲ.

ಬದಲಾವಣೆ ಶನಿವಾರ ರಾತ್ರಿ 9ರಿಂದ ಭಾನುವಾರ ಬೆಳಿಗ್ಗೆ 6ರೊಳಗೆ ನಡೆಯುತ್ತದೆ. ನಿಮ್ಮ ಸರದಿಯ ದಿನಾಂಕವನ್ನು ಫೋನ್ ಮಾಡಿ ತಿಳಿಸುತ್ತೇವೆ. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಯಾರದನ್ನೂ ಮುಟ್ಟುವುದಿಲ್ಲ.

ನಮ್ಮ ಸರ್ವರ್‌ನಲ್ಲಿರುವ ಸಂಘಗಳು ಮಾಡಬೇಕಾದ್ದು ಕಡಿಮೆ. ಸ್ವಂತ ಸರ್ವರ್ ಇಟ್ಟುಕೊಂಡವರು, ಸ್ವಂತ ವರದಿ ಬರೆಸಿಕೊಂಡವರು, ಎಕ್ಸೆಲ್‌ನಿಂದ ನೇರವಾಗಿ ಡೇಟಾಬೇಸ್ ಓದುವವರು ದಯವಿಟ್ಟು ಪೂರ್ತಿ ಓದಿ.

ಮೊದಲು ಹೆಸರುಗಳ ವಿಷಯ. 5.7ರ ಪೂರ್ವನಿಯೋಜಿತ ಅಕ್ಷರಸಂಕೇತ (ಅಕ್ಷರಗಳನ್ನು ಅಂಕಿಗಳಾಗಿ ಇಡುವ ಪದ್ಧತಿ) ಲ್ಯಾಟಿನ್1, ಅದರಲ್ಲಿ ಕನ್ನಡವಿಲ್ಲ. ಕೋಷ್ಟಕ ಕನ್ನಡವನ್ನೂ ಹಿಡಿಯುವ ಯುಟಿಎಫ್8 ಆಗಿದ್ದು ಸಂಪರ್ಕ ಮಾತ್ರ ಲ್ಯಾಟಿನ್1ನಲ್ಲಿ ಉಳಿದಿದ್ದರೆ ಕನ್ನಡ ಎರಡು ಸಲ ಸಂಕೇತಗೊಂಡು ಕೂರುತ್ತದೆ. ಓದುವಾಗಲೂ ಅದೇ ತಪ್ಪು ಉಲ್ಟಾ ನಡೆಯುವುದರಿಂದ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸರಿಯಾದ ಸಂಪರ್ಕದಲ್ಲಿ ಸಾಗಿಸಿದ ದಿನವೇ ಸದಸ್ಯರ ಹೆಸರಿನ ಜಾಗದಲ್ಲಿ ತಲೆಮೇಲೆ ಗೆರೆಯಿರುವ ಇಂಗ್ಲಿಷ್ ಎ ಮತ್ತು ಪುಟ್ಟ 2, 3 ಅಂಕಿಗಳ ಸಾಲು ಹೊರಬರುತ್ತದೆ. ಪತ್ತೆಗೆ, ಒಳಗಿರುವ ಸಂಕೇತವನ್ನೇ ತೋರಿಸುವ ಹೆಕ್ಸ್ ಫಂಕ್ಷನ್ ಸಾಕು. ಸರಿಯಾಗಿರುವ ಕನ್ನಡ ಹೆಸರು ಇ0ಬಿ2 (E0B2) ಎಂದು ಶುರುವಾಗುತ್ತದೆ, ಕೆಟ್ಟಿರುವುದು ಸಿ3ಎ0ಸಿ2ಬಿ2 (C3A0C2B2) ಎಂದು. ಕೆಟ್ಟ ಸಾಲುಗಳನ್ನು ಸಾಗಿಸುವ ಮೊದಲೇ, ಮೈಎಸ್‌ಕ್ಯೂಎಲ್‌ನಲ್ಲೇ ಸರಿಪಡಿಸಬೇಕು: ಲ್ಯಾಟಿನ್1ಕ್ಕೆ ಕನ್ವರ್ಟ್, ಅದನ್ನು ಬೈನರಿಗೆ ಕಾಸ್ಟ್, ಅಲ್ಲಿಂದ ಯುಟಿಎಫ್8ಎಂಬಿ4ಕ್ಕೆ ಕನ್ವರ್ಟ್. ಆದರೆ ಈ ಆದೇಶವನ್ನು ಇಡೀ ಕಾಲಂ ಮೇಲೆ ಓಡಿಸಲೇಬೇಡಿ. ಸರಿಯಾಗಿದ್ದ ಹೆಸರುಗಳಿಗೆ ಲ್ಯಾಟಿನ್1ರಲ್ಲಿ ಜಾಗವಿಲ್ಲ. ಅವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಬ್ಯಾಕಪ್ ಇಲ್ಲದಿದ್ದರೆ ಮರಳಿ ಬರುವುದಿಲ್ಲ. ಹೆಕ್ಸ್ ಷರತ್ತು ಹಾಕಿ, ಕೆಟ್ಟ ಸಾಲುಗಳಿಗಷ್ಟೇ ಓಡಿಸಿ.

ಹೆಸರುಗಳ ಅನುಕ್ರಮವೂ ಬದಲಾಗಬಹುದು. ಡೇಟಾಬೇಸನ್ನು ಸಿ ಲೊಕೇಲ್‌ನಲ್ಲಿ (ಯಾವ ಭಾಷೆಯ ನಿಯಮವನ್ನೂ ನೋಡದ ಹೊಂದಿಕೆಯಲ್ಲಿ) ಸೃಷ್ಟಿಸಿದರೆ ವಿಂಗಡಣೆ ಯೂನಿಕೋಡ್ ಅಂಕಿಯ ಪ್ರಕಾರ ನಡೆಯುತ್ತದೆ, ಅಲ್ಲಿ ಳಕಾರ ವಕಾರಕ್ಕಿಂತ ಮುಂದಿದೆ. ಕಾಳಪ್ಪ ಮೊದಲು, ಕಾವೇರಮ್ಮ ಆಮೇಲೆ. ವರ್ಣಮಾಲೆಯ ಕ್ರಮ ಬೇಕಾದ ಕಾಲಂಗಳಿಗೆ ಐಸಿಯು ಎಂಬ ಯೂನಿಕೋಡ್ ಲೈಬ್ರರಿ ಒದಗಿಸುವ ಕನ್ನಡ ಕೊಲೇಶನ್ (ಅಕ್ಷರಗಳನ್ನು ಹೋಲಿಸಿ ವಿಂಗಡಿಸುವ ನಿಯಮ) ಹಾಕಿದ್ದೇವೆ. ನಿಮ್ಮ ಸ್ವಂತ ವರದಿಯಲ್ಲಿ ಅದನ್ನು ನೀವೇ ಹೆಸರಿಸಬೇಕು.

ದೋಷ ಸಂದೇಶ ಕೊಡುವ ತೊಂದರೆಗಳು ಅಷ್ಟು ಕಷ್ಟದವಲ್ಲ. ಹೊಸ ರಸೀದಿ ಉಳಿಸುವಾಗ 'ಡುಪ್ಲಿಕೇಟ್ ಕೀ' ಬಂದರೆ ಸಾಲುಗಳು ಸಾಗಿವೆ, ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್ ಇನ್ನೂ 1ರಲ್ಲೇ ನಿಂತಿದೆ ಎಂದರ್ಥ. ಸೆಟ್‌ವಾಲ್ ಬಳಸಿ ಆ ಕೋಷ್ಟಕದ ಗರಿಷ್ಠ ಐಡಿಗೆ ತಂದುಕೊಳ್ಳಿ. ಪಿಜಿಲೋಡರ್ ಎಂಬ ಸಾಗಣೆ ಸಾಧನದಲ್ಲಿ ಸಾಗಿಸಿದರೆ ಅದೇ ಇದನ್ನು ನೋಡಿಕೊಳ್ಳುತ್ತದೆ, ಸಿಎಸ್‌ವಿ ಕಡತದಿಂದ ತುಂಬಿದರೆ ಇಲ್ಲ. ಹುಟ್ಟಿದ ದಿನಾಂಕ ಖಾಲಿಯಿರುವಲ್ಲಿ ಹಳೆಯ ಡೇಟಾಬೇಸ್ 0000-00-00 ಎಂದು ಇಟ್ಟಿರುತ್ತದೆ, ಪೋಸ್ಟ್‌ಗ್ರೆಸ್ ಅದನ್ನು ದಿನಾಂಕವೆಂದು ಒಪ್ಪುವುದಿಲ್ಲ. ನಲ್ (ಮೌಲ್ಯವಿಲ್ಲ) ಮಾಡಿ ಸಾಗಿಸಬೇಕು. 'ಬೂಲಿಯನ್ = ಇಂಟಿಜರ್ ಆಪರೇಟರ್ ಇಲ್ಲ' ಎಂದರೆ, ಟೈನಿಇಂಟ್ (ಚಿಕ್ಕ ಪೂರ್ಣಾಂಕ) ಆಗಿದ್ದ ಕಾಲಂ ಈಗ ಬೂಲಿಯನ್ (ಹೌದು/ಅಲ್ಲ) ಆಗಿದೆ: 1 ಎಂದಿರುವಲ್ಲಿ ಟ್ರೂ ಬರೆಯಿರಿ. ಪಠ್ಯಕ್ಕೆ ಜೋಡಿ ಉದ್ಧರಣ ಹಾಕಿದ್ದರೆ 'ಅಂಥ ಕಾಲಂ ಇಲ್ಲ' ಎನ್ನುತ್ತದೆ, ಒಂಟಿ ಉದ್ಧರಣಕ್ಕೆ ಬದಲಿಸಿ. ಕೆಲವು ಫಂಕ್ಷನ್‌ಗಳ ಹೆಸರೂ ಬೇರೆ: ಇಫ್‌ನಲ್ ಬದಲು ಕೋಅಲೆಸ್, ಡೇಟ್‌ಫಾರ್ಮ್ಯಾಟ್ ಬದಲು ಟುಚಾರ್.

ನಮಗೆ ಹೆಚ್ಚು ಕಾಳಜಿ ಇರುವುದು ಸದ್ದಿಲ್ಲದೆ ತಪ್ಪು ಉತ್ತರ ಕೊಡುವವುಗಳ ಬಗ್ಗೆ. ಸಾಲ ವಸೂಲಾತಿಯ ಶೇಕಡಾವಾರು ವರದಿ ನೋಡಿ. 60 ಕಂತುಗಳಲ್ಲಿ 45 ಬಂದಿದ್ದರೆ 45/60*100 ಎಂಬ ಲೆಕ್ಕಕ್ಕೆ ಮೈಎಸ್‌ಕ್ಯೂಎಲ್ 75 ಕೊಡುತ್ತದೆ, ಪೋಸ್ಟ್‌ಗ್ರೆಸ್ 0 ಕೊಡುತ್ತದೆ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಅದು ದಶಮಾಂಶ ಬಿಟ್ಟುಬಿಡುತ್ತದೆ, ಆಮೇಲೆ 100ರಿಂದ ಗುಣಿಸಿದರೂ ಸೊನ್ನೆಯೇ. ದೋಷ ಸಂದೇಶ ಬರುವುದಿಲ್ಲ, ವರದಿ ಅಂದವಾಗಿಯೇ ಮುದ್ರಣವಾಗುತ್ತದೆ. 45*100.0/60 ಎಂದು ಬರೆದರೆ ಸರಿ. ನಿಮ್ಮ ಸ್ವಂತ ವರದಿಗಳಲ್ಲಿ ಭಾಗಾಕಾರದ ಗೆರೆ ಇರುವ ಒಂದೊಂದು ಸಾಲನ್ನೂ ಹುಡುಕಿ ನೋಡಿ.

ಇನ್ನೊಂದು ಹುಡುಕಾಟದ್ದು. ನಾವು ಬಳಸುತ್ತಿದ್ದ ಹಳೆಯ ಯೂನಿಕೋಡ್ ಕೊಲೇಶನ್ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಎಣಿಸುತ್ತಿರಲಿಲ್ಲ. 'ರಾಜ್‌ಕುಮಾರ್' ಎಂದು ಒತ್ತಕ್ಷರ ಬಿಡಿಸಲು ನುಡಿ ಅಥವಾ ಫೋನಿನ ಕೀಲಿಮಣೆ ಸೇರಿಸುವ ಕಾಣದ ಅಕ್ಷರವನ್ನೂ ಎಣಿಸುತ್ತಿರಲಿಲ್ಲ. ಪೋಸ್ಟ್‌ಗ್ರೆಸ್ ಎರಡನ್ನೂ ಎಣಿಸುತ್ತದೆ. ನಮ್ಮ ತಂತ್ರಾಂಶದ ಲಾಗಿನ್ ಮತ್ತು ಸದಸ್ಯರ ಹುಡುಕಾಟದಲ್ಲಿ ಇದನ್ನು ನಿಭಾಯಿಸಿದ್ದೇವೆ. ನಿಮ್ಮ ವರದಿಯಲ್ಲಿ ಹುಡುಕಾಟದ ಲೈಕ್ ಆದೇಶ ಇದ್ದರೆ ಐಲೈಕ್ ಮಾಡಿಕೊಳ್ಳಿ. ಅದು ದೊಡ್ಡಕ್ಷರ ಚಿಕ್ಕಕ್ಷರದ ತೊಂದರೆಗಷ್ಟೇ ಪರಿಹಾರ, ಕಾಣದ ಅಕ್ಷರಕ್ಕಲ್ಲ. ಹಾಗೆಯೇ, ಕ್ರಮ ಹೇಳುವ ಆರ್ಡರ್ ಬೈ ಹಾಕದ ಪಟ್ಟಿ ಇನ್ನು ಮುಂದೆ ರಸೀದಿ ಸಂಖ್ಯೆಯ ಕ್ರಮದಲ್ಲೇ ಬರುತ್ತದೆಂದು ನಂಬಬೇಡಿ. ಒಂದು ಸಾಲು ತಿದ್ದಿದ ಕೂಡಲೇ ಅದರ ಜಾಗ ಬದಲಾಗಬಹುದು.

ಎಕ್ಸೆಲ್ ಬಳಸುವವರು ಎಕ್ಸೆಲನ್ನು ಡೇಟಾಬೇಸ್‌ಗೆ ಜೋಡಿಸುವ ಓಡಿಬಿಸಿ ಚಾಲಕ ಹೊಸದಾಗಿ ಹಾಕಬೇಕು. ಪಟ್ಟಿಯಲ್ಲಿ ಆನ್ಸಿ, ಯೂನಿಕೋಡ್ ಎಂದು ಎರಡು ಕಾಣುತ್ತವೆ. ಯೂನಿಕೋಡ್‌ ಆರಿಸದಿದ್ದರೆ ಕನ್ನಡ ಬರುವುದಿಲ್ಲ. ಎಕ್ಸೆಲ್ 32 ಬಿಟ್ ಇದ್ದರೆ ಚಾಲಕವೂ 32 ಬಿಟ್ಟಿನದೇ ಆಗಿರಬೇಕು. ಪೋರ್ಟ್ 3306 ಬದಲು 5432.

ಬದಲಾವಣೆ ಶುರುವಾಗುವ ಶನಿವಾರವೇ, ಸಂಜೆ ವಹಿವಾಟು ಮುಗಿದ ಮೇಲೆ ಟ್ರಯಲ್ ಬ್ಯಾಲೆನ್ಸ್, ಷೇರು ಬಂಡವಾಳದ ಒಟ್ಟು ಮೊತ್ತ, ಬಾಕಿ ಸಾಲದ ಒಟ್ಟು, ಕೊನೆಯ ರಸೀದಿ ಸಂಖ್ಯೆ, ಇವಿಷ್ಟನ್ನು ಮುದ್ರಿಸಿ ಇಟ್ಟುಕೊಳ್ಳಿ. ಸೋಮವಾರ ಕೌಂಟರ್ ತೆರೆಯುವ ಮೊದಲು ಪೈಸೆ ಸಮೇತ ತಾಳೆ ನೋಡಿ. ಸಾಲುಗಳ ಎಣಿಕೆ ನಾವೂ ನೋಡುತ್ತೇವೆ, ಆದರೆ ಎಣಿಕೆ ಸರಿಯಿದ್ದು ಮೊತ್ತ ತಪ್ಪಿರಲು ಸಾಧ್ಯವಿದೆ. ಹಳೆಯ ಡೇಟಾಬೇಸನ್ನು ಓದಲು ಮಾತ್ರ ಬರುವಂತೆ 90 ದಿನ ಉಳಿಸಿರುತ್ತೇವೆ.

ತೊಂದರೆ ಬಂದರೆ ಲಾಗ್‌ನಲ್ಲಿರುವ ಮೊದಲ ದೋಷವನ್ನು ಕಳಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ವಹಿವಾಟಿನ ಒಂದು ಆದೇಶ ಸೋತರೆ ಅದರ ಹಿಂದೆ ಬರುವ ಆದೇಶಗಳಿಗೆಲ್ಲ 'ಟ್ರಾನ್ಸಾಕ್ಷನ್ ಅಬಾರ್ಟೆಡ್' ಎಂದೇ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೂ ಮೇಲಿನ ಸಾಲು, ಆಗ ತೆರೆದಿದ್ದ ಪುಟದ ಹೆಸರು ಮತ್ತು ಸಮಯ ಸಾಕು.

ಇಂತಿ,
ತಾಂತ್ರಿಕ ವಿಭಾಗ