ಜಾಬ್ ಮುಗಿದ ಮೇಲೂ ಬಿಲ್ಡ್ ಸರ್ವರ್‌ನಲ್ಲಿ ಉಳಿದ ಪ್ರೈವೇಟ್ ಕೀ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ನಮ್ಮ ಎಸ್‌ಎಸ್‌ಎಚ್ ಪ್ರೈವೇಟ್ ಕೀ ನಿಮ್ಮ ಸರ್ವರ್‌ನಲ್ಲಿ ಅಳಿಸದೆ ಉಳಿದಿರುವುದು ಮತ್ತು ಅದಕ್ಕೆ ನಿಮ್ಮವರು ಕೊಟ್ಟ ಉತ್ತರ

ಮಾನ್ಯರೇ,

ನಮ್ಮ ತಂಡದ ಬಿಲ್ಡ್‌ಗಳೆಲ್ಲ, ಅಂದರೆ ಕೋಡ್‌ನಿಂದ ಸಾಫ್ಟ್‌ವೇರ್ ತಯಾರಿಸುವ ಕೆಲಸಗಳೆಲ್ಲ, ನಿಮ್ಮ ಸರ್ವರ್‌ಗಳಲ್ಲೇ ಜಾಬ್‌ಗಳಾಗಿ ನಡೆಯುತ್ತವೆ. ಗಿಟ್ ರೆಪೊದಿಂದ (ಕೋಡ್ ಇಡುವ ಸಂಗ್ರಹ) ಕೋಡ್ ತೆಗೆದುಕೊಳ್ಳಲು ನೀವು ಹೇಳಿದಂತೆ ಒಂದು ಎಸ್‌ಎಸ್‌ಎಚ್ ಪ್ರೈವೇಟ್ ಕೀಯನ್ನು (ಪಾಸ್‌ವರ್ಡ್‌ನಂತೆ ಗುಟ್ಟಾಗಿಡಬೇಕಾದ ಫೈಲ್) ಸೆಟ್ಟಿಂಗ್ಸ್‌ನಲ್ಲಿ ಹಾಕಿದ್ದೆವು. ಇತ್ತೀಚೆಗೆ ಒಂದು ಬಿಲ್ಡ್ ಕೆಟ್ಟಿತು. ಕಾರಣ ಹುಡುಕಲು ಹೋಮ್ ಫೋಲ್ಡರ್‌ನಲ್ಲಿ ಏನೇನಿದೆ ಎಂದು ಲಾಗ್‌ನಲ್ಲಿ ತೋರಿಸುವಂತೆ ಮಾಡಿದೆವು. ಹಿಂದಿನ ಜಾಬ್‌ನ ಕೀ ಫೈಲ್ ಇನ್ನೂ ಅಲ್ಲೇ ಕೂತಿತ್ತು. ಪಕ್ಕದಲ್ಲಿ ನಮ್ಮದಲ್ಲದ ಒಂದು ಕೀ ಫೈಲ್ ಕೂಡ ಇತ್ತು. ಅದನ್ನು ನಾವು ತೆರೆದು ನೋಡಲಿಲ್ಲ. ಆದರೆ ನಮಗೆ ಬೇರೆಯವರ ಕೀ ಕಾಣುತ್ತದೆ ಎಂದರೆ, ನಮ್ಮದು ಅವರಿಗೆ ಕಾಣುವುದಿಲ್ವಾ?

ಟಿಕೆಟ್ ಹಾಕಿದಾಗ ಬಂದ ಉತ್ತರ: ‘ಫೈಲ್ ಪರ್ಮಿಷನ್ 600 ಇದೆ, ಸುರಕ್ಷಿತವಾಗಿದೆ.’ ಟಿಕೆಟ್ ಅಲ್ಲಿಗೇ ಮುಚ್ಚಿಬಿಟ್ಟರು. ಈ ದೂರು ಬರೆಯಲು ಮುಖ್ಯ ಕಾರಣ ಈ ಉತ್ತರವೇ.

600 ಎಂದರೆ ಆ ಫೈಲ್ ಯಾವ ಯೂಸರ್‌ದೋ ಅವರು ಮಾತ್ರ ಓದಬಹುದು, ಬರೆಯಬಹುದು. ಬೇರೆ ಯೂಸರ್‌ಗಳೂ ಓದುವಂತಿದ್ದರೆ, ಕೀ ಬಳಸಿ ಕನೆಕ್ಷನ್ ಮಾಡುವ ಓಪನ್‌ಎಸ್‌ಎಸ್‌ಎಚ್ ಪ್ರೋಗ್ರಾಂ ಆ ಕೀಯನ್ನು ಬಳಸಲು ಒಪ್ಪುವುದೇ ಇಲ್ಲ. ಹಾಗಾಗಿ 600 ಇಟ್ಟಿರುವುದು ನೀವು ವಿಶೇಷವಾಗಿ ಮಾಡಿದ ಕೆಲಸವೇನೂ ಅಲ್ಲ. ನಿಮ್ಮ ಯಂತ್ರದಲ್ಲಿ ಎಲ್ಲ ಗ್ರಾಹಕರ ಜಾಬ್‌ಗಳೂ ಒಂದೇ ಯೂಸರ್ ಹೆಸರಿನಲ್ಲಿ ಓಡುತ್ತವೆ. ಓದುವವರೆಲ್ಲ ಒಂದೇ ಯೂಸರ್ ಆಗಿರುವಾಗ 600 ಯಾರನ್ನು ತಡೆಯುತ್ತದೆ? ಅದೂ ಅಲ್ಲದೆ, ಬಿಲ್ಡ್‌ನಲ್ಲಿ ಓಡುವುದು ನಾವು ಬರೆದ ಕೋಡ್ ಮಾತ್ರ ಅಲ್ಲ. ಎನ್‌ಪಿಎಂನಿಂದ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಸಂಗ್ರಹ) ಬರುವ, ಬೇರೆಯವರು ಬರೆದ ಪ್ಯಾಕೇಜ್‌ಗಳ ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳೂ ಅದೇ ಯೂಸರ್ ಆಗಿಯೇ ಓಡುತ್ತವೆ. ಅವುಗಳಲ್ಲಿ ಒಂದು ಕೆಟ್ಟದ್ದಿದ್ದರೂ ಸಾಕು, ಫೋಲ್ಡರ್‌ನಲ್ಲಿ ಬಿದ್ದಿರುವ ಕೀಗಳನ್ನೆಲ್ಲ ಬಾಚಿಕೊಂಡು ಹೋಗಬಹುದು.

ಇನ್ನೊಂದು ತೊಂದರೆ ಇದಕ್ಕಿಂತ ಹಳೆಯದು. ನಿಮ್ಮಲ್ಲಿ ಗ್ರಾಹಕರ ಇಡೀ ಖಾತೆಗೆ ಒಂದೇ ಕೀ ಹಾಕಲು ಜಾಗವಿದೆ. ನಮ್ಮ ರೆಪೊಗಳಿರುವ ಗಿಟ್‌ಹಬ್‌ನಲ್ಲಿ ಡಿಪ್ಲಾಯ್ ಕೀ (ಬಳಕೆದಾರರ ಬದಲು ರೆಪೊಗೇ ಹಾಕುವ ಕೀ) ಒಂದು ರೆಪೊಗೆ ಮಾತ್ರ ಸೇರುತ್ತದೆ. ನಾವಾಗಿ ಬರೆಯುವ ಹಕ್ಕು ಕೊಡದಿದ್ದರೆ ಅದರಿಂದ ಓದಲು ಮಾತ್ರ ಆಗುತ್ತದೆ. ಅದೇ ಕೀಯನ್ನು ಎರಡನೇ ರೆಪೊಗೆ ಹಾಕಲು ಹೋದರೆ ಗಿಟ್‌ಹಬ್ ಒಪ್ಪುವುದಿಲ್ಲ. ನಮ್ಮದು ಹಲವು ರೆಪೊ. ಬೇರೆ ದಾರಿಯಿಲ್ಲದೆ ಕೀಯನ್ನು ಒಬ್ಬ ಬಳಕೆದಾರರ ಗಿಟ್‌ಹಬ್ ಖಾತೆಗೇ ಸೇರಿಸಬೇಕಾಯಿತು. ಈಗ ಆ ಕೀ ಸಿಕ್ಕವರು ಆ ಖಾತೆ ಮುಟ್ಟಬಹುದಾದ ರೆಪೊಗಳನ್ನೆಲ್ಲ ಓದಬಹುದು. ಬರೆಯುವ ಹಕ್ಕಿರುವ ಕಡೆ ಕೋಡ್ ಪುಶ್ ಮಾಡಿ ಬದಲಾಯಿಸಲೂಬಹುದು. ಬರೀ ಕ್ಲೋನ್ ಮಾಡುವ, ಅಂದರೆ ಕೋಡ್‌ನ ಪ್ರತಿ ತೆಗೆದುಕೊಳ್ಳುವ ಕೆಲಸಕ್ಕೆ ಇಷ್ಟು ಅಧಿಕಾರ ಯಾಕೆ ಬೇಕು?

ಹೇಳುವ ಹೊತ್ತಿಗೆ ಇದನ್ನೂ ಹೇಳಿಬಿಡುತ್ತೇನೆ. ಹೋಸ್ಟ್ ಕೀ (ಸರ್ವರ್ ತನ್ನ ಗುರುತು ತೋರಿಸುವ ಕೀ) ತಪಾಸಣೆಯನ್ನು ಆಫ್ ಮಾಡಿ ಎಂದು ನಿಮ್ಮ ಸಹಾಯ ಪುಟ ಹೇಳುತ್ತದೆ. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನ ಆರ್‌ಎಸ್‌ಎ ಬಗೆಯ ಹೋಸ್ಟ್ ಪ್ರೈವೇಟ್ ಕೀ ಒಂದು ಸಾರ್ವಜನಿಕ ರೆಪೊದಲ್ಲಿ ಸ್ವಲ್ಪ ಹೊತ್ತು ಕಾಣಿಸಿಕೊಂಡು, ಅವರು ಅದನ್ನು ಬದಲಾಯಿಸಬೇಕಾಯಿತು. ಹಳೆಯ ಕೀಯನ್ನೇ ನಂಬಿದ್ದವರಿಗೆ ಆಗ ದೊಡ್ಡ ಎಚ್ಚರಿಕೆ ಬಂದು ಕನೆಕ್ಷನ್ ನಿಂತಿತು. ಕಿರಿಕಿರಿ ನಿಜ, ಆದರೆ ತಪಾಸಣೆ ಇರುವುದೇ ಅದಕ್ಕಲ್ವಾ? ಆಫ್ ಮಾಡಿಕೊಂಡವರಿಗೆ ಎದುರಿಗಿರುವ ಸರ್ವರ್ ಅಸಲಿಯೋ ನಕಲಿಯೋ ಎಂಬುದೇ ಗೊತ್ತಾಗುವುದಿಲ್ಲ.

ನಮ್ಮ ಹಳೆಯ ಕೀಯನ್ನು ನಾವು ಗಿಟ್‌ಹಬ್ ಖಾತೆಯಿಂದ ತೆಗೆದಿದ್ದೇವೆ. ಆದರೆ ಅಷ್ಟರೊಳಗೆ ಯಾರಾದರೂ ಅದನ್ನು ಬಳಸಿದ್ದರೆ, ಈಗ ತೆಗೆದದ್ದರಿಂದ ಅದು ಸರಿಹೋಗುವುದಿಲ್ಲ. ಆದ್ದರಿಂದ ನಮ್ಮ ಕೀ ಇದ್ದ ಯಂತ್ರದಲ್ಲಿ ಆ ಅವಧಿಯಲ್ಲಿ ಬೇರೆಯವರ ಜಾಬ್‌ಗಳು ಓಡಿವೆಯೇ ಎಂದು ಲಿಖಿತವಾಗಿ ತಿಳಿಸಿ. ಬೇರೆ ಗ್ರಾಹಕರ ಹೆಸರು ನಮಗೆ ಬೇಡ. ತನಿಖೆ ಮುಗಿಯುವವರೆಗೆ ಆ ಯಂತ್ರದ ಲಾಗ್‌ಗಳನ್ನು ಅಳಿಸಬೇಡಿ. ಇನ್ನೊಂದು ಕೀ ಫೈಲ್ ಯಾರದೋ ಆ ಗ್ರಾಹಕರಿಗೂ ವಿಷಯ ತಿಳಿಸಿ, ಅವರಿಗೆ ಇದು ಗೊತ್ತಿರಲಾರದು.

ಮುಂದಕ್ಕೆ ಪ್ರತಿ ರೆಪೊಗೆ ಬೇರೆ ಬೇರೆ ಕೀ ಹಾಕಲು ಅವಕಾಶ ಕೊಡಿ. ಪ್ರತಿ ಜಾಬ್‌ಗೂ ಹೊಸ ಕಂಟೇನರ್ (ಇತರ ಜಾಬ್‌ಗಳಿಂದ ಬೇರ್ಪಟ್ಟ ಜಾಗ) ಅಥವಾ ವರ್ಚುವಲ್ ಯಂತ್ರ ಇರಲಿ. ಜಾಬ್ ಮುಗಿದ ಕೂಡಲೇ, ಅದು ಮಧ್ಯದಲ್ಲೇ ಕೆಟ್ಟು ನಿಂತರೂ, ಕೀ ಸಮೇತ ಅದನ್ನು ಅಳಿಸಿಹಾಕಿ. ಇದರಲ್ಲಿ ಯಾವುದು ಆಗುತ್ತದೆ, ಯಾವಾಗ ಆಗುತ್ತದೆ ಎಂದು ವ್ಯವಸ್ಥೆ ಗೊತ್ತಿರುವ ಎಂಜಿನಿಯರ್ ಒಬ್ಬರಿಂದ ಉತ್ತರ ಕೊಡಿಸಿ. ಅಲ್ಲಿಯವರೆಗೆ ಹೊಸ ಕೀಯನ್ನು ನಿಮ್ಮ ಸರ್ವರ್‌ಗೆ ಕೊಡುವುದಿಲ್ಲ. ಬಿಲ್ಡ್‌ಗಳು ನಿಂತಿರುವ ದಿನಗಳ ಶುಲ್ಕವನ್ನು ಬಿಲ್‌ನಿಂದ ಕಳೆಯಬೇಕೆಂದು ಕೋರುತ್ತೇವೆ. ಮುಚ್ಚಿದ ಟಿಕೆಟನ್ನು ಮತ್ತೆ ತೆರೆದು, ಉತ್ತರವನ್ನು ಅದರಲ್ಲೇ ಹಾಕಿ.

ಇಂತಿ,
ಬಿಲ್ಡ್ ವ್ಯವಸ್ಥೆ ನೋಡಿಕೊಳ್ಳುವ ತಂಡದ ಪರವಾಗಿ